ಭಾತಗಾಂವಿನ ಬರಿಗೈ

“ಅವರ ಕೈಯಲ್ಲಿ ಲಿಂಗ ಇತ್ತಾ, ಅಯ್ಯನೋರೆ?”

ಜಗದಾಂಬ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ದನಿ ಏರಿರಲಿಲ್ಲ, ಕಣ್ಣು ತುಂಬಿರಲಿಲ್ಲ. ಮಧುಗಿರಿಯ ಕೋಟೆ ಬೀದಿಯ ಆ ಪಡಸಾಲೆಯಲ್ಲಿ ಕಂಬಗಳಿಗೊರಗಿ ಕುಳಿತಿದ್ದ ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

ಯಾತ್ರೆಯ ಮುಂದಾಳು ಪರ್ವತಯ್ಯ ವಿಭೂತಿಯ ಹಣೆಯನ್ನು ಮೇಲೆತ್ತಿ, ಪುರಾಣ ಹೇಳುವವರ ನಿಧಾನದಿಂದ ಉತ್ತರ ಕೊಟ್ಟ.

“ಇತ್ತು ತಾಯಿ. ಭಾತಗಾಂವಿನ ಹೊಳೆ ದಂಡೆಯಲ್ಲಿ ಪದ್ಮಾಸನ ಹಾಕಿಸಿ ಕೂರಿಸಿದೆವು. ಎಡಗೈಯಲ್ಲಿ ಲಿಂಗವಿಟ್ಟು, ಬಿಲ್ವಪತ್ರೆ ಏರಿಸಿ, ವಿಭೂತಿ ಮುಚ್ಚಿ ಮಣ್ಣು ಕೊಟ್ಟೆವು. ಪುಣ್ಯವಂತರು, ಶಿವನಲ್ಲಿ ಬೆರೆತರು.”

“ನನ್ನ ಮೈದುನನೂ ಇದೇ ಮಾತು ಹೇಳಿದ. ಹೊಳವನಹಳ್ಳಿ ಕರಿಬಸಮ್ಮಜ್ಜೀನೂ ಇದನ್ನೇ ಹೇಳಿದ್ಲು. ಪದ್ಮಾಸನ, ಎಡಗೈ, ಬಿಲ್ವಪತ್ರೆ, ಪುಣ್ಯವಂತರು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. ಸಾವು ನೋಡಿ ಬಂದೋರು ಮಗ್ಗಿ ಒಪ್ಪಿಸ್ದಂಗೆ ಹೇಳ್ತಾರಾ?”

“ಜಗದಾಂಬಾ, ನಾಲಿಗೆ ಹಿಡಿದು ಮಾತಾಡು. ಅಯ್ಯನೋರ ಮುಂದೆ ಕುಂತಿದ್ದೀಯ” ಎಂದು ಹಿರಿಯರಲ್ಲೊಬ್ಬ ಗದರಿದ. “ಗಂಡ ಹೋದ ಸುದ್ದಿ ಬಂದು ವಾರ ತುಂಬ್ತಾ ಬಂತು. ಇನ್ನೂ ಕೊರಳಲ್ಲಿ ತಾಳಿ, ಕೈತುಂಬ ಬಳೆ! ನಾಳೆ ಸೋಮವಾರ ಮಧ್ಯಾಹ್ನ ಅವನ್ನ ತೆಗೆಸೋಕೆ ಹೆಂಗಸರು ಬರ್ತಾರೆ. ಆಮೇಲೆ ಜಂಗಮರನ್ನ ಕರೆದು ಗಣಾರಾಧನೆ ಆಗ್ಬೇಕು. ಎಲ್ಲದಕ್ಕೂ ಒಂದು ರೀತಿ ಇದೆ.”

“ರೀತಿ ಇದೆ ಅಂತಲೇ ಕೇಳ್ತಿದ್ದೀನಿ ಮಾವ. ಬಳೆ ಮೇಲಿನ ಆಸೆಗಲ್ಲ. ಅವರು ಹೆಂಗೆ ಹೋದ್ರು ಅಂತ ತಿಳೀದೆ ತಾಳಿ ಬಿಚ್ಚಿ ಕೊಡಲ್ಲ.”

ಬಾಗಿಲ ಬಳಿಯ ಮಂಚದ ಮೇಲೆ ಕುಳಿತಿದ್ದ ಇನ್‌ಸ್ಪೆಕ್ಟರ್ ನಾಗಲಿಂಗಯ್ಯ ಈವರೆಗೆ ಒಂದು ಮಾತನ್ನೂ ಆಡಿರಲಿಲ್ಲ. ನೇಪಾಳ ಯಾತ್ರೆಗೆ ಹೋದ ತನ್ನ ಗಂಡ ಶಂಕರಲಿಂಗಪ್ಪ ಹೇಗೆ ಸತ್ತನೆಂದು ವಿಚಾರಿಸಬೇಕೆಂದು ಈಕೆ ಠಾಣೆಯ ಮೆಟ್ಟಿಲು ಹತ್ತಿದ್ದೇ ಊರಿಗೆ ದೊಡ್ಡ ಅಪಮಾನವಾಗಿತ್ತು. ನಾಗಲಿಂಗಯ್ಯನಿಗಾದರೂ ಈ ವಿಚಾರಣೆ ಹುತ್ತಕ್ಕೆ ಕೈಯಿಟ್ಟಂತೆ ಇತ್ತು. ಪರ್ವತಯ್ಯನನ್ನು ಸಂದೇಹಿಸುವುದೆಂದರೆ ಅವನ ಪಾಲಿಗೆ ತನ್ನ ಮನೆಯ ದೇವರ ಗೂಡನ್ನೇ ಶೋಧಿಸಿದಂತೆ.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆಯ ಭಕ್ತರಿಗೆ ಪರ್ವತಯ್ಯನೆಂದರೆ ದಾರಿಯ ದೀಪ. ವರುಷಕ್ಕೊಮ್ಮೆ, ಶಿವರಾತ್ರಿಗೆ ಮುಂಚೆ, ಬಿದಿರು ಕೋಲಿಗೆ ಕಾವಿಯ ಪತಾಕೆ ಕಟ್ಟಿ ಹಿಡಿದು ಅವನು ಮುಂದೆ ನಡೆದರೆ ಹಿಂದೆ ಯಾತ್ರಿಕರ ಸಾಲು. ಕಾಶಿಯನ್ನು ಮುಗಿಸಿ, ಗಡಿಯ ಠಾಣೆಯಲ್ಲಿ ರಹದಾರಿ ಪಡೆದು, ಡೋಲಿಗಳಲ್ಲಿ ಬೆಟ್ಟಗಳನ್ನೇರಿ ಆ ಪರರಾಜ್ಯವನ್ನು ಹೊಗುವುದು. ಪಶುಪತಿಯ ದರ್ಶನವಾದ ಮೇಲೆ ಕಾಠಮಂಡು, ಪಾಟಣ, ಭಾತಗಾಂವ್ ಎಂಬ ಮೂರು ಪ್ರಾಚೀನ ರಾಜಧಾನಿಗಳನ್ನು ಬೀದಿಬೀದಿಯಾಗಿ ತೋರಿಸಿ, ಯಾವ ಗುಡಿಯನ್ನು ಯಾವ ದೊರೆ ಕಟ್ಟಿಸಿದನೆಂದು ಕನ್ನಡದಲ್ಲಿ ವಿವರಿಸುವುದು. ನಾಗಲಿಂಗಯ್ಯನ ತಂದೆ ಸಂಜೀವಯ್ಯನೂ ಹಿಂದೊಂದು ಶಿವರಾತ್ರಿಗೆ, ತಾಮ್ರದ ತೇಪೆ ಹಾಕಿದ, ಲಿಂಗವಿಡುವ ತನ್ನ ಹಳೆಯ ಬೆಳ್ಳಿ ಕರಡಿಗೆಯನ್ನು ಎದೆಗೊತ್ತಿಕೊಂಡು ಅದೇ ಪತಾಕೆಯ ಹಿಂದೆ ಹೋಗಿದ್ದ. ಹಿಂದಿರುಗಲಿಲ್ಲ. ಆಗಲೂ ಪರ್ವತಯ್ಯ ಬಂದು ಇದೇ ಮಾತುಗಳನ್ನು ಹೇಳಿದ್ದ: ಪದ್ಮಾಸನ, ಎಡಗೈ, ಬಿಲ್ವಪತ್ರೆ. ಆ ದಿನ ನಾಗಲಿಂಗಯ್ಯ ಆ ಪಾದಗಳಿಗೆ ಅಡ್ಡಬಿದ್ದು ಅತ್ತಿದ್ದ.

ಇಂದು ಅವೇ ಮಾತುಗಳು ಅವನ ಕಿವಿಯಲ್ಲಿ ಬೇರೆಯಾಗಿ ಕೇಳಿದವು.

“ಅಯ್ಯನೋರೆ, ಒಂದು ಮಾತು” ಎಂದ. “ಭಾತಗಾಂವಿನಲ್ಲಿ ಜಂಗಮರ ಮಠ ಇದೆ ಅಂತ ತಾವೇ ಹೇಳ್ತಿದ್ರಿ. ಪ್ರತಿ ಸಲ ಎಲ್ಲರನ್ನೂ ಕರ್ಕೊಂಡು ಹೋಗಿ ಅಲ್ಲಿ ನಮಸ್ಕಾರ ಮಾಡಿಸ್ತೀರಿ. ಸಮಾಧಿಗೆ ಆ ಮಠದವರನ್ನ ಕರೀಲಿಲ್ವೆ?”

“ವಾಂತಿಭೇದಿ ಅಂತ ಊರ ಕಾವಲಿನೋರು ಯಾರನ್ನೂ ಹತ್ರ ಬಿಡಲಿಲ್ಲ” ಎಂದ ಪರ್ವತಯ್ಯ.

“ಮಠದೋರು ಪಶುಪತಿಗೆ ಹೋಗಿದ್ರು, ಇರಲಿಲ್ಲ” ಎಂದ ಬಸವಲಿಂಗಯ್ಯ.

ಎರಡು ಉತ್ತರಗಳೂ ಒಂದೇ ಉಸಿರಿನಲ್ಲಿ ಬಂದು ಒಂದಕ್ಕೊಂದು ಢಿಕ್ಕಿ ಹೊಡೆದವು.

ಬಸವಲಿಂಗಯ್ಯ ಸತ್ತವನ ತಮ್ಮ. ಅಣ್ಣನೊಡನೆ ಯಾತ್ರೆಗೆ ಹೋಗಿ ಬಂದವನು. ಚೈತ್ರದ ಬಿಸಿಲಿಗೆ ಮಧುಗಿರಿಯ ಏಕಶಿಲೆ ಕಾದ ಹೆಂಚಾಗಿ ಊರೆಲ್ಲ ಬೇಯುತ್ತಿದ್ದರೂ ಅವನು ಕಪ್ಪು ಕೋಟಿನ ಗುಂಡಿಗಳನ್ನು ಗಂಟಲವರೆಗೆ ಹಾಕಿಕೊಂಡಿದ್ದ. ಬೆವರು ಕಿವಿಯ ಹಿಂದೆ ಧಾರೆಯಾಗಿ ಇಳಿಯುತ್ತಿತ್ತು. ಆಳು ತಂದ ಮಜ್ಜಿಗೆಯ ಲೋಟವನ್ನು ಅವನು ಕೈಯಿಂದ ಸರಿಸಿದ.

“ಬ್ಯಾಡ. ಇನ್ನೂ ಪೂಜೆ ಆಗಿಲ್ಲ.”

ಹೊತ್ತು ನೆತ್ತಿ ದಾಟಿತ್ತು. ನಾಗಲಿಂಗಯ್ಯ ಅದನ್ನು ಮನಸ್ಸಿನ ಒಂದು ಮೂಲೆಯಲ್ಲಿಟ್ಟುಕೊಂಡು ಎದ್ದ.

ಹೊಳವನಹಳ್ಳಿಯ ಬಸ್ಸಿನಲ್ಲಿ ದಫೇದಾರ ಗೌಸ್ ಸಾಹೇಬ ಪಕ್ಕದಲ್ಲಿ ಕುಳಿತು ಮುಖದ ಧೂಳೊರೆಸಿಕೊಂಡ. ಸಿರಾದವನು, ಪೊಲೀಸು ಕೆಲಸದಲ್ಲಿ ಮೀಸೆ ನರೆತವನು.

“ಹುಜೂರ್, ಒಬ್ಬ ಝೂಟು ಹೇಳಿದ್ರೆ ಹಿಡೀಬೋದು. ಎಲ್ಲಾರೂ ಸೇರ್ಕೊಂಡು ಒಂದೇ ಝೂಟು ಹೇಳಿದ್ರೆ ಅದೇ ಸಚ್ಚಾ ಆಗ್ಬುಡ್ತದೆ.”

“ಎಲ್ಲರೂ ಯಾಕೆ ಹೇಳ್ತಾರೆ ಗೌಸ್? ದುಡ್ಡಿಗಾ?”

“ಆ ಬುಡ್ಡಿಗೆ ದುಡ್ಡು ಏನಕ್ಕೆ ಹುಜೂರ್? ಇಬ್ಬರೇ ಇದಾರೆ ಇಂಥ ಕೆಲಸ ಮಾಡ್ಸೋರು. ಒಬ್ಬ ಡರ್, ಒಬ್ಬ ಶರಮ್. ಹೆದ್ರಿಕೆಯಾದ್ರೆ ಲಾಠಿ ತೋರಿಸಿದ್ರೆ ಬಿಡ್ತದೆ. ನಾಚ್ಕೆ ಬಿಡೋದಿಲ್ಲ.”

ಕರಿಬಸಮ್ಮ ಜಗಲಿಯ ಮೇಲೆ ಕಾಲು ಚಾಚಿ ಕುಳಿತು ದೀಪದ ಬತ್ತಿ ಹೊಸೆಯುತ್ತಿದ್ದಳು. ಪೊಲೀಸರನ್ನು ಕಂಡೊಡನೆ, ಕೇಳುವ ಮೊದಲೇ, ಪಾಠ ಶುರುವಾಯಿತು.

“ಪದ್ಮಾಸನ ಹಾಕಿಸಿ ಕೂರಿಸಿದ್ರಪ್ಪ. ಎಡಗೈನಾಗೆ ಲಿಂಗ ಮಡಗಿ...”

“ಆಗಲಿ ಅಜ್ಜಿ. ಬಿಸಿಲಲ್ಲಿ ಬಂದೆ. ಒಂದು ಚೊಂಬು ನೀರು ಕೊಡಿ.”

ಮುದುಕಿಗೆ ಸಮಾಧಾನವಾಯಿತು. ಹಿತ್ತಾಳೆಯ ಚೊಂಬು ತಂದು ಕೈಗಿತ್ತಳು. ನಾಗಲಿಂಗಯ್ಯ ಖಾಕಿ ಅಂಗಿಯ ಮೇಲಿನ ಗುಂಡಿಯನ್ನು ಬಿಚ್ಚಿ, ಕೊರಳ ಕರಡಿಗೆಯನ್ನು ಹೊರತೆಗೆದು ಕಣ್ಣಿಗೊತ್ತಿಕೊಂಡು, ಅನಂತರ ನೀರನ್ನು ಎತ್ತಿದ. ಹುಟ್ಟಿದಂದಿನಿಂದ ಬಂದ ಅಭ್ಯಾಸ. ಅವನು ಆಲೋಚಿಸಿ ಮಾಡಿದ್ದಲ್ಲ.

ಕರಿಬಸಮ್ಮನ ಕೈಯಿಂದ ಬತ್ತಿಗಳು ಜಾರಿ ಬಿದ್ದವು.

“ಇಂಗೇ ಮಾಡ್ದ ಕಣಪ್ಪಾ...” ಎಂದಳು. “ನೀನೀಗ ಮಾಡ್ದಲ್ಲಾ, ಇಂಗೇ. ನೀರು ಕೊಟ್ಟೆ. ಕೈ ಎದೆಗೋಯ್ತು. ಅಲ್ಲಿ ಏನೂ ಇರ್ನಿಲ್ಲ.”

ಗೌಸ್ ಸಾಹೇಬ ಜಗಲಿಯಿಂದ ಮೆಲ್ಲಗಿಳಿದು ಬೀದಿಯ ಕಡೆ ಮುಖ ಮಾಡಿ ನಿಂತ. ಮುದುಕಿ ಅಳುತ್ತಲೇ ಹೇಳಿದಳು.

ಪಾಟಣದ ಛತ್ರದಲ್ಲಿ ಬೆಳಗಾಗುವಾಗ ಶಂಕರಲಿಂಗಪ್ಪನ ಕೊರಳಿನಲ್ಲಿ ಶಿವದಾರ ಮಾತ್ರ ಉಳಿದಿತ್ತು. ಲಿಂಗವಿದ್ದ ಕರಡಿಗೆ ಇರಲಿಲ್ಲ. ಎಲ್ಲರೂ ಹುಡುಕಿದರು. ಹಾಸಿಗೆ ಕೊಡವಿದರು, ಚರಂಡಿ ತಡಕಿದರು. ಹೊತ್ತೇರಿತು. ಡೋಲಿಯವರು ಕಾಯಲೊಪ್ಪದೆ ಕೂಗಾಡಿದರು. ಪತಾಕೆ ಮುಂದೆ ಹೋಯಿತು. ಭಾತಗಾಂವಿಗೆ ಬರುವಷ್ಟರಲ್ಲಿ ಅವನಿಗೆ ನಿಲ್ಲಲೂ ತ್ರಾಣವಿರಲಿಲ್ಲ.

“ಭೂಮಿ ನಡುಗಿ ಬಿದ್ದ ಊರಪ್ಪ ಅದು. ಎಲ್ಲಿ ನೋಡಿದ್ರೂ ಇಟ್ಟಿಗೆ ಗುಡ್ಡೆ. ಒಂದು ಮುರುಕು ಛತ್ರದಾಗೆ ಮಲಗಿಸಿದ್ವಿ. ಮೂರು ದಿನ ಅಲ್ಲೇ. ಅಯ್ಯನೋರು ಮಠದಿಂದ ಬ್ಯಾರೆ ಲಿಂಗ ತಂದು ಕಟ್ತೀನಿ ಅಂದ್ರು.”

“ಒಪ್ಪಲಿಲ್ವೆ?”

“‘ಗುರು ಕೊಟ್ಟದ್ದು ಒಂದೇ, ಪ್ರಾಣಾನೂ ಒಂದೇ. ಅದು ಸಿಗೋಗಂಟ ನೀರು ಮುಟ್ಟಲ್ಲ’ ಅಂದ. ತುಟಿ ಸೀಳಿ ರಕ್ತ ಬಂತು. ನಾನು ಸೆರಗು ಒದ್ದೆ ಮಾಡಿ ಬಾಯಿಗಿಟ್ರೆ ಮುಖ ಆ ಕಡೀಕೆ ತಿರುಗಿಸ್ದ. ವಾಂತಿಯಿಲ್ಲ, ಭೇದಿಯಿಲ್ಲ. ಬತ್ತಿ ಎಣ್ಣೆಯಿಲ್ದೆ ಸೊರಗ್ತದಲ್ಲ, ಅಂಗೆ.”

“ಹಾಗಿದ್ದ ಮೇಲೆ ಸುಳ್ಳು ಯಾಕೆ ಅಜ್ಜಿ?”

“ಆ ಹೆಣ್ಣಿಗೋಸ್ಕರ! ಲಿಂಗ ಕಳ್ಕಂಡು ಸತ್ತ ಅಂತ ಗೊತ್ತಾದ್ರೆ ಆ ಮನೆ ಹೊಸ್ಲು ಯಾರೂ ತುಳಿಯಲ್ಲ, ಗಣಾರಾಧನೆಗೆ ಒಬ್ಬ ಅಯ್ಯನೂ ಬರಲ್ಲ ಅಂದ್ರು. ಎಲ್ಲಾರ ಅಂಗೈಗೂ ವಿಭೂತಿ ಕೊಟ್ಟು ಆಣೆ ಹಾಕಿಸ್ಕಂಡ್ರು. ಒಳ್ಳೇದಕ್ಕೇ ಅಂತ ನಾನೂ ಮಾಡ್ದೆ. ಇವತ್ತು ಆ ಆಣೇನೂ ತಿಂದೆ. ಶಿವ ನನ್ನ ಯಾವ ನರಕಕ್ಕೆ ಹಾಕ್ತಾನೋ.”

“ಸಮಾಧಿ ಮಾಡಿದ್ದನ್ನ ಕಣ್ಣಾರೆ ಕಂಡ್ರಾ?”

“ಎಲ್ಲಿಂದ ಕಾಣ್ಲಿ? ಅವನ ಪಕ್ಕದಾಗೇ ಕುಂತಿದ್ದೆ. ಬೆಳಗಿನ ಜಾವಕ್ಕೆ ಒಂದು ಗಳಿಗೆ ಕಣ್ಣು ಹತ್ತಿತು. ಎಚ್ಚರಾದಾಗ ಚಾಪೆ ಖಾಲಿ. ಊರು ಏಳೋಕೆ ಮುಂಚೆ ಅಯ್ಯನೋರೂ ಬಸಲಿಂಗನೂ ಎತ್ಕಂಡು ಹೋಗಿ ಮಣ್ಣು ಮಾಡಿ ಬಂದಿದ್ರು. ಹೆಂಗಸ್ರನ್ನ ಕರೀಲಿಲ್ಲ.”

ಅವಳು ಒಳಗೆ ಹೋಗಿ ಸೀರೆಯ ಗಂಟೊಂದನ್ನು ತಂದು ಬಿಚ್ಚಿದಳು. ಅದರೊಳಗೆ ಬೆವರಿಗೆ ಕಂದಿದ ಒಂದು ಶಿವದಾರ.

“ಕಸದಾಗೆ ಎಸೆಯೋಕೆ ಕೈ ಬರ್ನಿಲ್ಲ. ತಂದ್ಬುಟ್ಟೆ.”

ನಾಗಲಿಂಗಯ್ಯ ಅದನ್ನು ಬೆಳಕಿಗೆ ಹಿಡಿದು ನೋಡಿದ. ಸವೆದು ಹರಿದ ದಾರವಾದರೆ ತುದಿಯಲ್ಲಿ ಎಳೆಗಳು ಒಂದೊಂದೂ ಒಂದೊಂದು ಉದ್ದಕ್ಕೆ ಬಿಚ್ಚಿಕೊಂಡಿರುತ್ತವೆ. ಇಲ್ಲಿ ಎರಡು ತುದಿಗಳೂ ಹರಿತವಾದ ಅಲಗಿನಿಂದ ಒಂದೇ ಏಟಿಗೆ ಕೊಯ್ದಂತೆ ಸಮವಾಗಿದ್ದವು.

ಅವನು ದಾರವನ್ನು ಮಡಿಸಿ ಜೇಬಿಗಿಟ್ಟುಕೊಂಡ.

ವಿಷವಿಲ್ಲ, ಗಾಯವಿಲ್ಲ. ಒಂದು ನೂಲನ್ನು ಕತ್ತರಿಸಿದ ಮಾತ್ರಕ್ಕೆ ಒಬ್ಬ ಮನುಷ್ಯ ಸತ್ತಿದ್ದ. ಸತ್ತವನ ನಿಷ್ಠೆಯನ್ನೇ ಅವನ ಕೊರಳಿಗೆ ಉರುಲಾಗಿಸಿದ ಈ ಉಪಾಯ ಹೊರಗಿನವನಿಗೆ ಹೊಳೆಯುವಂಥದಲ್ಲ. ಸಾಮಾನ್ಯ ಕಳ್ಳನಾದರೆ ಬೆಳ್ಳಿಗಾಗಿ ಕದ್ದು ಒಳಗಿನದನ್ನು ಕೆರೆಗೆಸೆದಾನು. ಇದನ್ನು ಮಾಡಿದವನು ಮೂರು ಹೊತ್ತು ಲಿಂಗವನ್ನು ಕಣ್ಣಿಗೊತ್ತಿಕೊಳ್ಳುವವನೇ ಆಗಿರಬೇಕು. ಹಾಗಿದ್ದರೆ ಕದ್ದ ಲಿಂಗವನ್ನು ಅವನು ಏನು ಮಾಡಿಯಾನು? ಹೊಳೆಗೆಸೆಯಲು ಕೈ ಬಾರದು. ಹೂಳಲು ಎದೆ ಸಾಲದು. ಪೂಜೆಯಿಲ್ಲದೆ ಇಟ್ಟುಕೊಳ್ಳುವ ಧೈರ್ಯ ಮೊದಲೇ ಇರದು. ಮನುಷ್ಯನನ್ನು ಕೊಲ್ಲಬಲ್ಲ ಕೈಯೂ ಲಿಂಗವನ್ನು ಉಪವಾಸವಿಡಲು ಹೆದರುತ್ತದೆ.

ಅಂದರೆ ಆ ಲಿಂಗ ಇನ್ನೂ ಎಲ್ಲಿಯೋ ದಿನವೂ ಪೂಜೆಗೊಳ್ಳುತ್ತಿದೆ.

“ಅಜ್ಜಿ, ಹಿಂದಿರುಗೋವಾಗ ಯಾರಾದ್ರೂ ಪೂಜೆಗೆ ಮಾಮೂಲಿಗಿಂತ ಹೆಚ್ಚು ಹೊತ್ತು ಕೂತದ್ದುಂಟಾ?”

ಕರಿಬಸಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು ಯೋಚಿಸಿದಳು.

“ಅಯ್ಯನೋರು. ರೈಲಿನಾಗೂ ಶಾಲು ಮುಸುಕು ಹಾಕ್ಕಂಡು ಕುಂತ್ರೆ ಏಳೋರೇ ಅಲ್ಲ. ಕಾಶಿನಾಗೆ ಒಂದು ಬೊಗಸೆ ಬಿಲ್ವಪತ್ರೆ ಆರಿಸ್ಕೊಡು ಅಂದ್ರು. ಒಬ್ಬರಿಗೆ ಅಷ್ಟೊಂದು ಯಾಕೆ ಅನ್ಕಂಡೆ.”

ಸೋಮವಾರ ಹೊತ್ತು ಹುಟ್ಟುವ ಮುನ್ನವೇ ನಾಗಲಿಂಗಯ್ಯ ಕೊರಟಗೆರೆಯಲ್ಲಿ ಪರ್ವತಯ್ಯನ ಮನೆಯ ಮುಂದೆ ನಿಂತಿದ್ದ. ಗೌಸ್ ಸಾಹೇಬ ಮಧುಗಿರಿಯಿಂದ ಜಗದಾಂಬಳನ್ನು ಗಾಡಿಯಲ್ಲಿ ಕರೆತಂದ. ಲಿಂಗ ಸಿಕ್ಕಿದರೆ ಗುರುತಿಸಲು ಆಕೆ ಬೇಕಾಗಿತ್ತು. ಹೆಂಗಸೊಬ್ಬಳನ್ನೇ ಕಳಿಸಬಾರದೆಂದು ಬಸವಲಿಂಗಯ್ಯನೂ ಜೊತೆಯಲ್ಲಿ ಬಂದಿದ್ದ. ಅದೇ ಕೋಟು, ಅವೇ ಗುಂಡಿಗಳು.

“ಸಾಹೇಬ್ರೆ, ಮಧ್ಯಾಹ್ನಕ್ಕೆ ಆ ಹೆಂಗಸರು ಬರ್ತಾರೆ” ಎಂದಳು ಜಗದಾಂಬ. ಮತ್ತೇನನ್ನೂ ಕೇಳಲಿಲ್ಲ.

ಒಳಗೆ ನಡುಮನೆಯ ಮೂಲೆಗೆ ಕಾವಿ ಪತಾಕೆಯ ಬಿದಿರುಕೋಲು ಒರಗಿತ್ತು. ದೇವರ ಕೋಣೆಗೆ ಅಡ್ಡಲಾಗಿ ಒಂದು ಪರದೆ. ಅದರಾಚೆ ಪೂಜೆ ನಡೆಯುತ್ತಿತ್ತು. ನಾಗಲಿಂಗಯ್ಯ ಬೂಟು ಕಳಚಿ, ಕೈಕಟ್ಟಿ ನಿಂತ. ಶಿವಪೂಜೆಯನ್ನು ತಡೆಯುವ ಅಧಿಕಾರ ಯಾವ ಸರ್ಕಾರವೂ ತನಗೆ ಕೊಟ್ಟಿಲ್ಲವೆಂದು ಅವನು ನಂಬಿದ್ದ.

ಆದರೆ ಕಿವಿ ಮುಚ್ಚಿರಲಿಲ್ಲ. ಪಂಚಾಕ್ಷರಿ ಮಂತ್ರ, ನೀರಿನ ಸಣ್ಣ ಧಾರೆ, ಎಲೆಯ ಸದ್ದು. ಒಂದು ಕ್ಷಣ ಮೌನ. ಮತ್ತೆ ಮೊದಲಿನಿಂದ ಮಂತ್ರ, ನೀರು, ಎಲೆ. ಮತ್ತೆ ಮೌನ. ಮತ್ತೆ ಮಂತ್ರ.

ಒಬ್ಬ ಶರಣನಿಗೆ ಲಿಂಗವೊಂದೇ. ಅಭಿಷೇಕವೂ ಒಂದೇ.

ಪರದೆ ಸರಿಯಿತು. ಪೊಲೀಸರನ್ನು ಕಂಡು ಪರ್ವತಯ್ಯನ ಮುಖದಲ್ಲಿ ವಿಭೂತಿಗೂ ಚರ್ಮಕ್ಕೂ ವ್ಯತ್ಯಾಸವಿಲ್ಲದಂತಾಯಿತು.

“ಆ ಪೂಜೆ ಪೆಟ್ಟಿಗೆ ತೆಗೀರಿ, ಅಯ್ಯನೋರೆ.”

“ನಾಗಲಿಂಗಯ್ಯಾ, ನೀನು ಯಾರ ಮುಂದೆ ನಿಂತು ಮಾತಾಡ್ತಿದ್ದೀಯ ಗೊತ್ತಾ? ನಿಮ್ಮಪ್ಪನ ಸಮಾಧಿಗೆ ಮಣ್ಣು ಹಾಕಿದ ಕೈ ಇದು.”

“ಗೊತ್ತು. ಅದಕ್ಕೇ ಪೂಜೆ ಮುಗಿಯೋವರೆಗೂ ನಿಂತೆ. ಈಗ ತೆಗೀರಿ.”

“ತೆಗೀದಿದ್ರೆ?”

“ಶಂಕರಲಿಂಗಪ್ಪನೋರ ಕೊರಳಿನ ದಾರವನ್ನ ಯಾರೋ ಕತ್ತರಿಸಿದಾರೆ. ತುದಿ ನನ್ನ ಜೇಬಲ್ಲಿದೆ. ಅವರು ನೀರಿಲ್ಲದೆ ಸತ್ತರು. ತಾವು ಎಲ್ಲರ ಕೈಲಿ ಆಣೆ ಹಾಕಿಸಿ ಅದನ್ನ ಮುಚ್ಚಿದ್ರಿ. ತೆಗೀದಿದ್ರೆ ನಾನೇ ತೆಗೀಬೇಕಾಗ್ತದೆ. ಮಡಿಯಲ್ಲಿಲ್ಲ. ನನ್ನ ಕೈಲಿ ಆ ಪಾಪ ಮಾಡಿಸಬೇಡಿ.”

ಗಂಡ ನೀರಿಲ್ಲದೆ ಸತ್ತನೆಂಬುದನ್ನು ಜಗದಾಂಬ ಕೇಳಿದ್ದು ಅದೇ ಮೊದಲು.

ಪರ್ವತಯ್ಯ ಕುಳಿತಲ್ಲಿಯೇ ಹಿಂದೆ ತಿರುಗಿ, ಬೀಟೆಯ ಮರದ ಸಣ್ಣ ಪೆಟ್ಟಿಗೆಯ ಮುಚ್ಚಳವನ್ನೆತ್ತಿದ.

ಬಿಳಿಯ ಮಡಿವಸ್ತ್ರದ ಮೇಲೆ ನಾಲ್ಕು ಲಿಂಗಗಳು ಸಾಲಾಗಿದ್ದವು. ನಾಲ್ಕರ ತಲೆಯ ಮೇಲೂ ಈಗತಾನೆ ಏರಿಸಿದ ಹಸಿ ಬಿಲ್ವದ ಎಲೆ, ನೀರಿನ ಹನಿ. ಒಂದೊಂದರ ಹಿಂದೆಯೂ ಅದರದರ ಕರಡಿಗೆ.

“ಯಾ ಅಲ್ಲಾ” ಎಂದು ಬಾಗಿಲಲ್ಲಿ ಗೌಸ್ ಸಾಹೇಬ ಉಸಿರು ಬಿಟ್ಟ.

ನಾಗಲಿಂಗಯ್ಯ ಬಗ್ಗಿದ. ಮೂರನೆಯ ಕರಡಿಗೆಯ ಅಂಚಿನಲ್ಲಿ ತಾಮ್ರದ ತೇಪೆಯೊಂದು ದೀಪದ ಬೆಳಕಿಗೆ ಕೆಂಪಗೆ ಹೊಳೆಯಿತು. ಅಪ್ಪ ಹೊಲದ ಬದುವಿನ ಮೇಲಿಂದ ಬಿದ್ದಾಗ ನಜ್ಜಾಗಿದ್ದ ಮೂಲೆ. ಮಧುಗಿರಿಯ ಅಕ್ಕಸಾಲಿ ಬೆಳ್ಳಿಯಿಲ್ಲದೆ ತಾಮ್ರ ಹಾಕಿ ಕೊಟ್ಟಾಗ, “ಶಿವನಿಗೂ ಒಂದು ತೇಪೆ ಇರ್ಲಿ ಬುಡು” ಎಂದು ಅಪ್ಪ ನಕ್ಕಿದ್ದ.

ಅದನ್ನು ಮುಟ್ಟಲು ಚಾಚಿದ ಕೈ ನಡುವೆಯೇ ನಿಂತಿತು.

“ಇದು ಇಲ್ಲಿದ್ದರೆ...” ಅವನ ದನಿ ಅವನಿಗೇ ಅಪರಿಚಿತವಾಗಿತ್ತು. “ಇದು ಇಲ್ಲಿದ್ದರೆ, ನಮ್ಮಪ್ಪನ ಕೈಯಲ್ಲಿ ಏನಿತ್ತು, ಅಯ್ಯನೋರೆ?”

ಪರ್ವತಯ್ಯನ ಪುರಾಣದ ದನಿ ಎಲ್ಲಿಯೋ ಹೋಗಿತ್ತು. ಹಳ್ಳಿಯ ಮುದುಕನೊಬ್ಬ ಮಾತಾಡಿದ.

“ಘಟ್ಟದ ಮ್ಯಾಲೆ ಉಸಿರು ಹತ್ತದೆ ಹೋದ್ರು ಕಣಪ್ಪ. ಬರೀ ಬಂಡೆ, ಗುದ್ದಲಿ ಇಳೀಲಿಲ್ಲ. ಡೋಲಿಯೋರು ನಿಲ್ಲಲ್ಲ ಅಂದ್ರು. ಹಿಂದೆ ಯಾತ್ರಿಕರೆಲ್ಲ ಚಳೀಲಿ ನಡುಗ್ತಾ ನಿಂತವ್ರೆ. ಬೆಟ್ಟದ ಜನ ಕಟ್ಟಿಗೆ ಒಟ್ಟಿದ್ರು.”

“ಸುಟ್ರಾ?”

ಪರ್ವತಯ್ಯ ಪೆಟ್ಟಿಗೆಯಲ್ಲಿ ಜಾರಿದ್ದ ಬಿಲ್ವದ ಎಲೆಯೊಂದನ್ನು ಸರಿಪಡಿಸಿದ.

“ಲಿಂಗ ಕಟ್ಟಿದ ದೇಹಾನ ಸುಟ್ರಾ?”

“ಲಿಂಗಾನ ಬೆಂಕಿಗೆ ಹಾಕೋಕೆ ಆಗ್ಲಿಲ್ಲ. ಮನೆಗೆ ತಂದು ಕೊಟ್ರೆ ಸಮಾಧಿ ಆಗಿಲ್ಲ ಅಂತ ಗೊತ್ತಾಗ್ತದೆ. ಅದಕ್ಕೇ ಇಟ್ಕಂಡೆ. ಉಳಿದ ಮೂರೂ ಹಿಂಗೇ ದಾರೀಲಿ ಹೋದೋರವು. ಒಂದು ದಿನವೂ ಉಪವಾಸ ಕೆಡವಿಲ್ಲ. ನನ್ನ ಲಿಂಗಕ್ಕಿಂತ ಮೊದಲು ಇವಕ್ಕೆ ನೀರೆರೀತೀನಿ. ಸುಳ್ಳು ಹೇಳಿದ್ದು ನಿಜ. ಕೊಂದಿಲ್ಲ. ಕದ್ದಿಲ್ಲ.”

ಇಷ್ಟು ವರುಷ ನಾಗಲಿಂಗಯ್ಯ ಉತ್ತರ ದಿಕ್ಕಿಗೆ ತಿರುಗಿ ಕೈಮುಗಿದದ್ದು ಒಂದು ಹಿಡಿ ಬೂದಿಗೆ. ಆ ಬೂದಿಯನ್ನೂ ಘಟ್ಟದ ಗಾಳಿ ಅಂದೇ ಒಯ್ದಿರಬೇಕು.

ಅಷ್ಟರಲ್ಲಿ ಜಗದಾಂಬ ಮುಂದೆ ಬಂದು ಪೆಟ್ಟಿಗೆಯ ಮುಂದೆ ಮಂಡಿಯೂರಿದ್ದಳು. ಒಂದೊಂದನ್ನೂ ನೋಡಿದಳು. ಮತ್ತೊಮ್ಮೆ ನೋಡಿದಳು.

“ಅವರದು ಇದರಲ್ಲಿಲ್ಲ.”

“ಇಲ್ಲ ತಾಯಿ” ಎಂದ ಪರ್ವತಯ್ಯ. “ಪಾಟಣದಲ್ಲಿ ನಾನೂ ಹುಡುಕಿ ಹುಡುಕಿ ಸೋತೆ. ಯಾರು ಕೊಯ್ದರೋ ನನಗೆ ತಿಳೀದು. ಯಾತ್ರೆಯಲ್ಲಿ ಎಷ್ಟೋ ಸಾವು ಕಂಡಿದೀನಿ, ಇಂಥದ್ದು ಕಾಣಲಿಲ್ಲ. ಮಠದೋರು ಬಂದ್ರೆ ಬರಿಗೈ ನೋಡ್ತಾರೆ. ನಿನ್ನ ಮನೆ ಮಾನ ಹೋಗ್ತದೆ. ಅದಕ್ಕೇ ಊರು ಏಳೋಕೆ ಮುಂಚೆ ಅವಸರ ಮಾಡಿ ಹೊರಡಿಸ್ದೆ. ಗುಂಡಿ ತೋಡಿದ್ದಾಯ್ತು, ಕೂರಿಸಿದ್ದಾಯ್ತು. ನಾನು ವಿಭೂತಿ ತರೋಕೆ ಅತ್ತ ಹೋದೆ. ಬರೋ ವೇಳೆಗೆ ತಮ್ಮನೇ ಎದೆಮಟ್ಟ ಮಣ್ಣು ತುಂಬಿದ್ದ. ಬರಿಗೈಯೋನನ್ನ ಮಣ್ಣಿಗೆ ಕೊಟ್ಟೆ ತಾಯಿ. ನನ್ನ ಕ್ಷಮಿಸು.”

“ಬರಿಗೈ ಅಲ್ಲ.”

ಹೊಸ್ತಿಲಾಚೆಯಿಂದ ಬಂದ ಮಾತು. ಎಲ್ಲರೂ ತಿರುಗಿದರು. ಬಸವಲಿಂಗಯ್ಯ ಅಷ್ಟು ಹೊತ್ತೂ ದೇವರ ಕೋಣೆಯೊಳಗೆ ಕಾಲಿಟ್ಟಿರಲಿಲ್ಲವೆಂಬುದನ್ನು ನಾಗಲಿಂಗಯ್ಯ ಗಮನಿಸಿದ್ದು ಆಗಲೇ.

ಬಸವಲಿಂಗಯ್ಯನ ಬೆರಳುಗಳು ಕೋಟಿನ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚಿದವು. ಅಂಗಿಯನ್ನು ಎರಡೂ ಕೈಗಳಿಂದ ಅಗಲಿಸಿದ. ಎಲುಬು ಕಾಣುವ ಎದೆ. ಅದರ ಮೇಲೆ ಬೆವರು. ದಾರವಿಲ್ಲ, ಕರಡಿಗೆಯಿಲ್ಲ, ಲಿಂಗವಿಲ್ಲ.

ಪರ್ವತಯ್ಯ “ಶಿವ ಶಿವಾ” ಎಂದು ಮುಖ ಮುಚ್ಚಿಕೊಂಡ. ಹೆಣವನ್ನು ಕಂಡಾಗಲೂ ಅವನು ಅಷ್ಟು ಬೆದರಿರಲಾರ.

“ನೀವು ಕೇಳ್ತಿದ್ರಲ್ಲ ಅತ್ತಿಗೆ, ಕೈಯಲ್ಲಿ ಲಿಂಗ ಇತ್ತಾ ಅಂತ” ಎಂದ ಬಸವಲಿಂಗಯ್ಯ. “ಇತ್ತು. ನನ್ನದು. ಅಯ್ಯನೋರು ಅತ್ತ ಹೋದಾಗ ಕೊರಳಿಂದ ತೆಗೆದು ಅಣ್ಣನ ಎಡಗೈಲಿಟ್ಟೆ. ಅಣ್ಣ ಬರಿಗೈಯಲ್ಲಿ ಹೋಗಬಾರದು ಅಂತ.”

ನಾಗಲಿಂಗಯ್ಯ ಅವನ ಕಣ್ಣುಗಳನ್ನೇ ನೋಡಿದ. ತಮ್ಮನೊಬ್ಬ ಅಣ್ಣನಿಗಾಗಿ ತನ್ನ ಪ್ರಾಣಲಿಂಗವನ್ನೇ ಬಿಟ್ಟುಕೊಟ್ಟದ್ದೇ? ಅಥವಾ ದಾರ ಕೊಯ್ದ ಕೈ ತನ್ನ ಪಾಪಕ್ಕೆ ತೆತ್ತ ಬೆಲೆಯೇ? ಆ ಕಣ್ಣುಗಳಲ್ಲಿ ಎರಡಕ್ಕೂ ಜಾಗವಿತ್ತು.

ಜಗದಾಂಬ ಮಂಡಿಯೂರಿದಲ್ಲಿಂದ ಏಳಲಿಲ್ಲ.

“ಬಸಲಿಂಗಾ, ಇಷ್ಟು ದೊಡ್ಡ ಮಾತನ್ನ ಇಷ್ಟು ದಿನ ಯಾಕೆ ಮುಚ್ಚಿಟ್ಟೆ? ಅಣ್ಣನಿಗೆ ಲಿಂಗ ಕೊಟ್ಟೆ ಅಂದಿದ್ರೆ ಊರೇ ನಿನ್ನ ಕಾಲಿಗೆ ಬೀಳ್ತಿತ್ತಲ್ಲ.”

ಅವನು ತುಟಿ ನೆಕ್ಕಿಕೊಂಡ. ತುಟಿ ಒಡೆದಿತ್ತು.

“ಹೇಳಪ್ಪ.”

“ಹೇಳಿದ್ರೆ ಅದನ್ನೂ ಹೇಳಬೇಕಾಗ್ತಿತ್ತು ಅತ್ತಿಗೆ.”

“ಯಾವುದನ್ನ?”

ಹೊರಗೆ ಗಾಡಿಯ ಎತ್ತು ಕೊರಳ ಗಂಟೆಯನ್ನು ಅಲ್ಲಾಡಿಸಿತು. ಬಸವಲಿಂಗಯ್ಯ ತನ್ನ ಎಡಗೈಯನ್ನು ಮುಂದೆ ಚಾಚಿ, ಅಂಗೈ ತೆರೆದು ತೋರಿಸಿದ. ಆಮೇಲೆ ಬೆರಳುಗಳನ್ನು ನಿಧಾನವಾಗಿ, ಒಂದಾದ ಮೇಲೊಂದರಂತೆ, ಏನನ್ನೋ ಹಿಡಿದುಕೊಳ್ಳುವಂತೆ ಒಳಕ್ಕೆ ಮಡಿಸಿದ.

“ನಾನು ಲಿಂಗ ಇಟ್ಟಾಗ ಅಣ್ಣನ ಬೆರಳು ಹಿಂಗೆ ಮುಚ್ಚಿಕೊಂಡ್ವು.”

ಜಗದಾಂಬಳ ಕೈ ಮೆಲ್ಲನೆ ಮೇಲೇರಿ, ಬಳೆಗಳು ಸದ್ದು ಮಾಡಿ, ಕೊರಳ ತಾಳಿಯನ್ನು ಬಿಗಿಯಾಗಿ ಹಿಡಿದುಕೊಂಡಿತು.

“ಅಂದ್ರೆ ಜೀವ ಇತ್ತು. ಆಮೇಲೆ ನೀನು ಮಣ್ಣು ತುಂಬಿದ್ಯಾ?” ಎಂದಳು.